ನಾಲ್ಕು ಗೋಪುರಗಳ ನಡುವೆ ಒಂದು ದಿನ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಬೆಂಗಳೂರಿನ ನಿವಾಸಿಗಳಷ್ಟು ಒಳ್ಳೆಯ ನಿದರ್ಶನ ಮತ್ತೊಂದು ಸಿಕ್ಕಲಾರದು. ಬೇಸಿಗೆಯ ರಜೆ ಬಂದೊಡನೆ ಹಂಪೆ, ಬೇಲೂರು, ಮೈಸೂರುಗಳಿಗೆ ಮನೆಮಂದಿಯೆಲ್ಲ ಹೊರಡುವುದುಂಟು. ಆದರೆ ತಾವು ಬಾಳುತ್ತಿರುವ ಊರು ಎಲ್ಲಿ ಹುಟ್ಟಿತು, ಅದರ ಎಲ್ಲೆ ಯಾವುದಾಗಿತ್ತು ಎಂದು ಕೇಳಿದರೆ ಅನೇಕರು ಮುಖ ಮುಖ ನೋಡುತ್ತಾರೆ. ಗಿರಿನಗರದಂತಹ ದಕ್ಷಿಣದ ಬಡಾವಣೆಗಳಲ್ಲಿ ನೆಲೆಸಿರುವ ಕುಟುಂಬಗಳಿಗೆ ಈ ಕೊರತೆಯನ್ನು ನೀಗಿಸಿಕೊಳ್ಳಲು ಒಂದು ಭಾನುವಾರ ಸಾಕು. ಹಾದಿ ತೋರಿಸುವುದಕ್ಕೆ ಕೆಂಪೇಗೌಡರ ನಾಲ್ಕು ಗಡಿಗೋಪುರಗಳೇ ಇವೆ.

1537ರಲ್ಲಿ ಯಲಹಂಕದ ಪ್ರಭು ಕೆಂಪೇಗೌಡನು ಇಲ್ಲಿ ಮಣ್ಣಿನ ಕೋಟೆ ಕಟ್ಟಿ ಪೇಟೆಯನ್ನು ನೆಲೆಗೊಳಿಸಿದನು. ಕೋಟೆಯ ಹೊರಗೆ, ನಾಲ್ಕು ಕಡೆಗಳ ಎತ್ತರದ ಬಂಡೆಗಳ ಮೇಲೆ, ಒಂದೊಂದು ಗೋಪುರ ಎದ್ದಿತು. ಇವನ್ನು ಕಟ್ಟಿಸಿದವನು ಅವನ ಮಗ ಇಮ್ಮಡಿ ಕೆಂಪೇಗೌಡನೆಂಬುದು ರೂಢಿಯ ಮಾತು. ತಂದೆಯ ಕೆಲಸವೇ ಎನ್ನುವವರೂ ಇದ್ದಾರೆ. ಊರು ಈ ಗೋಪುರಗಳವರೆಗೆ ಬೆಳೆದೀತೆಂದು ಗೌಡನು ಭವಿಷ್ಯ ನುಡಿದನೆಂದು ಕೆಲವರು ಹೇಳುತ್ತಾರೆ. ಇವನ್ನು ದಾಟಿ ಬೆಳೆದರೆ ಕೇಡು ಎಂದು ಎಚ್ಚರಿಸಿದನೆಂಬ ಐತಿಹ್ಯವೂ ಉಂಟು. ಎರಡರಲ್ಲಿ ಯಾವುದನ್ನು ನಂಬಿದರೂ ಗಿರಿನಗರದವರು ಎಲ್ಲೆಯ ಹೊರಗಿನವರೇ! ಅವರ ಪ್ರವಾಸ ಹೊರಗಿನಿಂದ ಒಳಕ್ಕೆ ಸಾಗಬೇಕು.

ಹೊಸ್ತಿಲಲ್ಲೇ ಮೊದಲ ಗೋಪುರ

ಬೆಳಗಿನ ತಂಪಿನಲ್ಲಿ ಹೊರಟರೆ ಮೊದಲು ಸಿಗುವುದು ಗವಿಪುರ. ಬಂಡೆಯ ಗುಹೆಯೊಳಗೆ ಗಂಗಾಧರೇಶ್ವರ ನೆಲೆಸಿದ್ದಾನೆ. ಅಂಗಳದಲ್ಲಿ ಸೂರ್ಯಪಾನ, ಚಂದ್ರಪಾನವೆಂಬ ಎರಡು ಭಾರಿ ಕಲ್ಲಿನ ಬಿಲ್ಲೆಗಳು ಎತ್ತರದ ಕಂಬಗಳ ಮೇಲೆ ನಿಂತಿವೆ. ಮಕರ ಸಂಕ್ರಾಂತಿಯ ಸಂಜೆ ಅಸ್ತಮಿಸುವ ಸೂರ್ಯನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುವ ನೋಟಕ್ಕೆ ಊರೇ ನೆರೆಯುತ್ತದೆ. ಉಳಿದ ದಿನಗಳಲ್ಲಿ ಗುಡಿ ಪ್ರಶಾಂತ. ಬಗ್ಗಿ ನಡೆದು ಗುಹೆಯ ಪ್ರದಕ್ಷಿಣೆ ಮಾಡುವುದು ಮಕ್ಕಳಿಗೆ ಬಲು ಖುಷಿ.

ಇದೇ ನೆರೆಯಲ್ಲಿ ಕೆಂಪಾಂಬುಧಿ ಕೆರೆ. ಅದರ ಕಡೆ ಕಾವಲಿಟ್ಟಂತೆ ಪಶ್ಚಿಮದ ಗಡಿಗೋಪುರ. ಗೋಪುರವೆಂದೊಡನೆ ಮುಗಿಲು ಮುಟ್ಟುವ ಕಟ್ಟಡವನ್ನು ಊಹಿಸಿ ಬಂದವರಿಗೆ ತುಸು ನಿರಾಶೆಯಾದೀತು. ನಾಲ್ಕು ಕಲ್ಲುಗಂಬಗಳ ಪುಟ್ಟ ಮಂಟಪ, ಅದರ ಮೇಲೊಂದು ಗಾರೆಯ ಶಿಖರ, ಅಷ್ಟೇ. ಆದರೆ ನಿಂತ ನೆಲವನ್ನು ಗಮನಿಸಬೇಕು. ಕಟ್ಟಡ ಚಿಕ್ಕದಾದರೂ ಬಂಡೆ ಎತ್ತರದ್ದು. ಕೆಳಗೆ ಕೆರೆಯ ನೀರು. ಎತ್ತರದ ಬಂಡೆ ಮತ್ತು ತಗ್ಗಿನ ನೀರು, ಈ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ದಿನದ ಉಳಿದ ಭಾಗ ತಾನಾಗಿಯೇ ಅರ್ಥವಾಗುತ್ತದೆ.

ಅಲ್ಲಿಂದ ದೊಡ್ಡಬಸವಣ್ಣನ ಗುಡಿ ಹತ್ತಿರ. ಒಂದೇ ಕಲ್ಲಿನಲ್ಲಿ ಕಡೆದ ನಂದಿ ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಕಾರ್ತಿಕ ಮಾಸದ ಕೊನೆಯ ಸೋಮವಾರ ಇಲ್ಲಿ ಕಡಲೆಕಾಯಿ ಪರಿಷೆ. ವೃಷಭಾವತಿ ನದಿ ಈ ನಂದಿಯ ಪಾದದಲ್ಲಿ ಹುಟ್ಟಿತೆಂಬುದು ನಂಬಿಕೆ. ಅದಕ್ಕೆ ಆ ಹೆಸರು. ಪಕ್ಕದ ಕಹಳೆ ಬಂಡೆಯ ಮೇಲೆ ತುಸು ವಿಶ್ರಮಿಸಿ ಗಾಂಧಿಬಜಾರಿಗೆ ಇಳಿದರೆ ಉಪಾಹಾರದ ಚಿಂತೆಯಿಲ್ಲ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆಗೆ ಕಾಯುವ ತಾಳ್ಮೆಯೊಂದಿದ್ದರಾಯಿತು.

ಬಂಡೆಯ ವಯಸ್ಸು

ಎರಡನೆಯ ಗೋಪುರ ಲಾಲ್‌ಬಾಗಿನಲ್ಲಿದೆ. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಬೆಳೆಸಿದ ಈ ತೋಟ ಇಂದು ಸುಮಾರು 240 ಎಕರೆ. 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯನ್ನೂ ಫಲಪುಷ್ಪ ಪ್ರದರ್ಶನವನ್ನೂ ಬಲ್ಲವರು ಬಹಳ. ಗೋಪುರ ಹೊತ್ತ ಬಂಡೆಯನ್ನು ವಿಚಾರಿಸುವವರು ಕಡಮೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ! ಅದರ ಮೇಲೆ ಕುಳಿತು ಮಕ್ಕಳು ಪುರಿ ತಿನ್ನುತ್ತಾರೆ.

ಊರು ನಿಂತಿರುವುದು ಇಂತಹ ಕಲ್ಲಿನ ದಿಣ್ಣೆಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ. ದೊಡ್ಡ ನದಿಯೊಂದೂ ಇದರ ಬಳಿ ಹರಿಯುವುದಿಲ್ಲ. ಬಿದ್ದ ಮಳೆಯಲ್ಲಿ ಒಂದು ಪಾಲು ಪಶ್ಚಿಮಕ್ಕೆ ವೃಷಭಾವತಿಯಾಗಿ ಅರ್ಕಾವತಿಯನ್ನೂ ಕಾವೇರಿಯನ್ನೂ ಸೇರುತ್ತದೆ; ಮತ್ತೊಂದು ಪಾಲು ಪೂರ್ವಕ್ಕೆ ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. ಎರಡು ಕಡೆಗೂ ಜಾರಿಹೋಗುವ ನೀರನ್ನು ತಡೆದು ನಿಲ್ಲಿಸದೆ ಇಲ್ಲಿ ಊರು ಬಾಳುವಂತಿರಲಿಲ್ಲ. ಆದುದರಿಂದಲೇ ಕೋಟೆಯ ಜೊತೆಯಲ್ಲಿ ಕೆರೆಗಳೂ ಬಂದವು.

ಕೋಟೆ, ಅರಮನೆ, ಪೇಟೆ

ಲಾಲ್‌ಬಾಗಿನಿಂದ ಕೃಷ್ಣರಾಜ ಮಾರುಕಟ್ಟೆಗೆ ಮೆಟ್ರೋ ರೈಲು ಕೆಲವೇ ನಿಮಿಷಗಳ ಹಾದಿ. ಹತ್ತಿರದಲ್ಲೇ ಕೋಟೆಯ ಉಳಿದ ತುಣುಕು. ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರಾಲಿ ಕಲ್ಲಿನಿಂದ ಪುನಃ ಕಟ್ಟಿಸಿದನು. ಮೂವತ್ತೇ ವರ್ಷಗಳ ತರುವಾಯ, 1791ರ ಮಾರ್ಚ್ 21ರ ರಾತ್ರಿ, ಕಾರ್ನ್‌ವಾಲಿಸನ ಸೈನ್ಯ ಗೋಡೆಯೊಡೆದು ಒಳನುಗ್ಗಿತು. ಉಳಿದಿರುವ ದಿಲ್ಲಿ ಬಾಗಿಲಿನ ಎತ್ತರವನ್ನು ಕಂಡರೆ ಆ ಕಾಳಗದ ಬಿರುಸು ಕಣ್ಣಿಗೆ ಕಟ್ಟುತ್ತದೆ.

ಕೂಗಳತೆಯಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ 1781ರಲ್ಲಿ ಆರಂಭಿಸಿದ ಕಟ್ಟಡ 1791ರಲ್ಲಿ ಮುಗಿಯಿತು. ಕೋಟೆ ಬಿದ್ದ ವರ್ಷವೂ ಅದೇ. ಮರದ ಕಂಬಗಳು, ಕಮಾನುಗಳು, ಮಾಸಿದ ಬಣ್ಣದ ಹೂಬಳ್ಳಿಗಳು ಒಂದು ಕಾಲದ ವೈಭವವನ್ನು ಮೆಲುದನಿಯಲ್ಲಿ ಹೇಳುತ್ತವೆ. ಅರಮನೆಯ ಮಗ್ಗುಲಲ್ಲೇ ಕೋಟೆ ವೆಂಕಟರಮಣಸ್ವಾಮಿ ದೇವಾಲಯ, ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿಸಿದ್ದು. ಮಧ್ಯಾಹ್ನ ಗುಡಿಗಳ ಬಾಗಿಲು ಮುಚ್ಚುವುದರಿಂದ ಅದಕ್ಕೆ ಮುಂಚೆಯೇ ದರ್ಶನ ಮುಗಿಸುವುದು ಲೇಸು.

ಊಟದ ನಂತರ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ: ಹೆಸರುಗಳನ್ನು ಓದುತ್ತ ಹೋದರೆ ಹಳೆಯ ಊರಿನ ಕಸುಬುಗಳ ಪಟ್ಟಿಯೇ ದೊರೆಯುತ್ತದೆ. ದೊಡ್ಡಪೇಟೆ, ಚಿಕ್ಕಪೇಟೆಗಳ ಬೀದಿಗಳು ಕೂಡುವ ಚೌಕದಿಂದ ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಉಳಲು ಬಿಟ್ಟು, ಅವು ನಿಂತಲ್ಲಿ ಊರಬಾಗಿಲು ಕಟ್ಟಿದರೆಂಬ ಕಥೆಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ತಕ್ಕ ತಾಣವಿಲ್ಲ.

ಕೆರೆಗಳ ವಿಳಾಸ

ಈಗ ಬೆಳಗಿನ ನೀರಿನ ಮಾತಿಗೆ ಮರಳಬಹುದು. ಹೂವು ತರಕಾರಿಗಳ ರಾಶಿಯಿಂದ ಕಂಗೊಳಿಸುವ ಕೃಷ್ಣರಾಜ ಮಾರುಕಟ್ಟೆ ನಿಂತಿರುವುದು ಸಿದ್ದಿಕಟ್ಟೆ ಎಂಬ ಕೆರೆಯ ನೆಲದಲ್ಲಿ. ಚಿಕ್ಕಪೇಟೆಯಿಂದ ಮೆಟ್ರೋ ಹತ್ತಿ ಒಂದೇ ನಿಲ್ದಾಣ ಸಾಗಿದರೆ ಕೆಂಪೇಗೌಡ ಬಸ್ ನಿಲ್ದಾಣ. ಅಲ್ಲಿ ಅಲೆಯಾಡಿದ್ದು ಪೇಟೆಯ ಜನರಿಗೆ ನೀರುಣಿಸಿದ ಧರ್ಮಾಂಬುಧಿ ಕೆರೆ. ಕೆರೆಯನ್ನು ಮುಚ್ಚಿ ನಿರ್ಮಿಸಿದ ನಿಲ್ದಾಣಕ್ಕೆ, ಕೆರೆ ಕಟ್ಟಿಸಿದ ವಂಶದ ಹೆಸರು! ಇಲ್ಲಿ ರೈಲು ಬದಲಿಸಿ ಪೂರ್ವಕ್ಕೆ ಹೊರಟರೆ ಕಬ್ಬನ್ ಪಾರ್ಕಿನ ಆಚೆ ಕಂಠೀರವ ಕ್ರೀಡಾಂಗಣ. ಅದು ಸಂಪಂಗಿ ಕೆರೆಯ ಅಂಗಳ.

ಸಂಪಂಗಿ ಕೆರೆಯ ನೀರಿನಿಂದ ತೋಟ ಬೆಳೆಸಿದವರಲ್ಲಿ ತಿಗಳ ಸಮುದಾಯದವರು ಮುಖ್ಯರು. ಚೈತ್ರ ಪೌರ್ಣಮಿಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವೂ ಅವರದೇ. ಮೆರವಣಿಗೆ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಭೇಟಿಯಿತ್ತು ಮುಂದುವರಿಯುವುದು ಪದ್ಧತಿ. ಕರಗದ ವಿಧಿಗಳಿಗೆ ಸಂಪಂಗಿಯ ನೀರು ಬೇಕು. ಕೆರೆ ಹೋಯಿತು, ವಿಧಿ ಉಳಿಯಿತು. ಅದಕ್ಕಾಗಿ ಕ್ರೀಡಾಂಗಣದ ಪಕ್ಕದಲ್ಲಿ ಒಂದು ಸಣ್ಣ ಕೊಳವನ್ನು ಉಳಿಸಿಕೊಂಡಿದ್ದಾರೆ. ಕೆರೆಯೊಂದನ್ನು ಮರೆಯದೆ ಇಟ್ಟುಕೊಂಡವರು ಅದರ ಭಕ್ತರೇ ಎಂಬುದು ಯೋಚಿಸತಕ್ಕ ಮಾತು.

ಹಲಸೂರಿನಿಂದ ಮೇಖ್ರಿ ವೃತ್ತಕ್ಕೆ

ಹಲಸೂರಿನಲ್ಲಿ ಇಳಿದರೆ ಸೋಮೇಶ್ವರ ದೇವಾಲಯ. ಚೋಳರ ಕಾಲದ ಮೂಲಕ್ಕೆ ವಿಜಯನಗರದ ಕಾಲದ ಕಂಬ, ಗೋಪುರಗಳು ಸೇರಿ ಬೆಳೆದ ಗುಡಿಯಿದು. 1809ರಲ್ಲಿ ದಂಡು ಪ್ರದೇಶ ಹುಟ್ಟಿದ್ದು ಈ ಗ್ರಾಮದ ನೆರೆಯಲ್ಲೇ. ಗುಡಿಯ ದರ್ಶನ ಮುಗಿಸಿ ಕೆರೆಯ ದಂಡೆಗೆ ನಡೆದರೆ ತಂಗಾಳಿ ಬೀಸುತ್ತದೆ. ಮೂರನೆಯ ಗೋಪುರ ಇದೇ ನೆರೆಯ ಸೇನಾ ಪ್ರದೇಶದಲ್ಲಿರುವುದರಿಂದ ದೂರದ ನೋಟಕ್ಕೆ ತೃಪ್ತರಾಗಬೇಕು. ನಾಲ್ಕನೆಯದು ಬಳ್ಳಾರಿ ರಸ್ತೆಯ ಮೇಖ್ರಿ ವೃತ್ತದ ಬಳಿ, ಪುಟ್ಟ ಉದ್ಯಾನದಲ್ಲಿ. ಅದರ ಸುತ್ತ ವಿಮಾನ ನಿಲ್ದಾಣಕ್ಕೆ ಧಾವಿಸುವ ವಾಹನಗಳ ಹೊಳೆ. ಮುಸ್ಸಂಜೆಯಲ್ಲಿ ಅಲ್ಲಿ ಐದು ನಿಮಿಷ ನಿಂತವರಿಗೆ, ನಾಲ್ಕು ಬಂಡೆಗಳ ನಡುವಿನ ಊರು ಎಷ್ಟು ಪುಟ್ಟದಾಗಿತ್ತೆಂಬುದು ಮನವರಿಕೆಯಾಗುತ್ತದೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚಿತವಾದಾಗ ಅದರ ವಿಸ್ತೀರ್ಣ 700 ಚದರ ಕಿಲೋಮೀಟರನ್ನು ಮೀರಿತ್ತು.

ಊರು ಬೆಳೆದುದು ತಪ್ಪೆನ್ನುವಂತಿಲ್ಲ. ಬೆಳೆಯುವ ಭರದಲ್ಲಿ ತನ್ನ ನೀರನ್ನು ತಾನೇ ಮುಚ್ಚಿಕೊಂಡುದು ಮಾತ್ರ ತಪ್ಪು. ನಂದಿಯ ಪಾದದಲ್ಲಿ ಹುಟ್ಟಿದ ವೃಷಭಾವತಿ, ಗಿರಿನಗರದಿಂದ ಹೆಚ್ಚು ದೂರವಲ್ಲದ ಮೈಸೂರು ರಸ್ತೆಯ ಬದಿಯಲ್ಲಿ ಕೊಳಚೆಯನ್ನು ಹೊತ್ತು ಸಾಗುತ್ತಾಳೆ. 1974ರಿಂದ ಈ ಊರಿಗೆ ಕಾವೇರಿಯ ನೀರು ಬರುತ್ತಿದೆ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಯಂತ್ರಗಳು ಅದನ್ನು ಹಗಲಿರುಳು ಎತ್ತಬೇಕು. ಬೆಂಗಳೂರಿಗೆ ಇಂದು ಐದನೆಯ ಗಡಿಗೋಪುರವೊಂದನ್ನು ನಿಲ್ಲಿಸುವುದಾದರೆ ಅದು ಕಾವೇರಿಯ ದಂಡೆಯಲ್ಲೇ ನಿಲ್ಲಬೇಕಾದೀತು.

ಇಡೀ ಸುತ್ತಾಟ 40 ಕಿಲೋಮೀಟರುಗಳ ಆಸುಪಾಸಿನದು. ಕಾಲಿಗೆ ಗಟ್ಟಿ ಚಪ್ಪಲಿ, ಕೈಯಲ್ಲಿ ನೀರಿನ ಪಾತ್ರೆ, ಮನಸ್ಸಿನಲ್ಲಿ ಕೊಂಚ ಕುತೂಹಲವಿದ್ದರೆ ಸಾಕು. ಮರುದಿನ ಬಸ್ಸಿಗಾಗಿ ಕೆಂಪೇಗೌಡ ನಿಲ್ದಾಣದಲ್ಲಿ ಕಾಯುವಾಗ ಮಕ್ಕಳು ಕಾಲಕೆಳಗಿನ ನೆಲವನ್ನು ನೋಡಿ ಕೆರೆಯ ಹೆಸರು ಹೇಳಿದರೆ, ಒಂದು ದಿನದ ಪ್ರವಾಸ ಸಾರ್ಥಕವಾಯಿತೆಂದೇ ತಿಳಿಯಬೇಕು.