ಬೆಳಕಿನ ಬಡತನ

ನಮ್ಮ ಯಡೂರಿನ ಕೃಷ್ಣಾತೀರದಲ್ಲಿ ಮಾಗಿಯ ಮಂಜು ಎಷ್ಟೇ ಕವಿಯಲಿ, ಹಗಲು 11 ತಾಸಿಗೆ ಕಡಿಮೆಯಾಗದು. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ 8 ತಾಸೂ ತುಂಬದು. ಅಲ್ಲಿರುವ ಮಗಳು “ಅವ್ವಾ, ಏಳಲು ಮನಸ್ಸಿಲ್ಲ, ಲಿಂಗಪೂಜೆಯೂ ಬೇಡವೆನಿಸುತ್ತದೆ” ಎಂದರೆ, ಭಕ್ತಿ ಕುಂದಿತೆಂದು ಬೈಯಬೇಡಿರಿ. ಎಣ್ಣೆ ತೀರಿದರೆ ಬತ್ತಿಯನ್ನು ಬೈಯುವರೇ?

ಇದು ಬೆಳಕಿನ ಕೊರತೆಯಿಂದ ಬರುವ ಬೇನೆ. 1984ರಲ್ಲಿ ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಇದನ್ನು ವಿವರಿಸಿ ಹೆಸರಿಟ್ಟರು. ಮುಂಜಾನೆ ಬಯಲಲ್ಲಿ ನಡೆಯಬೇಕು. ವೈದ್ಯರನ್ನು ಕೇಳಿ 10,000 ಲಕ್ಸ್ ದೀಪದ ಮುಂದೆ ಅರ್ಧ ತಾಸು ಕೂಡಬೇಕು. ಕಾಯಕ, ಸತ್ಸಂಗ ಊರುಗೋಲಾಗುತ್ತವೆ. ಆದರೆ ಮದ್ದಿನ ಬದಲು ಅಲ್ಲ.

ಬಿಸಿಲಿರುವ ನಮ್ಮೂರಲ್ಲೂ ಮನ ಕುಗ್ಗುವವರುಂಟು. ಅವರು ನಾಚದೆ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆಮಾಡಲಿ. ಬೇನೆಯನ್ನು ಹೇಳಿಕೊಳ್ಳುವುದು ಪಾಪವಲ್ಲ, ಕೇಳಿಸಿಕೊಳ್ಳುವುದು ದಾಸೋಹ.