ಸಿಡಿಲಿಗೂ ವೈರಸ್ಸಿಗೂ ಒಂದೇ ಮದ್ದು

ಏಪ್ರಿಲ್-ಮೇ ತಿಂಗಳ ಸಂಜೆ ಕುಂಬ್ರದ ಕಡೆ ದೂರದಲ್ಲಿ ಗುಡುಗು ಕೇಳಿಸಿದೊಡನೆ ಹಿರಿಯರು ಟಿ.ವಿ.ಯ ಪ್ಲಗ್ಗು ಕೀಳುತ್ತಾರೆ. ಮನೆಯ ಕಂಪ್ಯೂಟರಿಗೂ ಅದೇ ಉಪಚಾರ ಬೇಕು. ಸ್ವಿಚ್ ಆರಿಸಿದರೆ ಸಾಲದು; ಪ್ಲಗ್ಗಿನ ಜೊತೆ ಇಂಟರ್‌ನೆಟ್ಟಿನ ತಂತಿಯನ್ನೂ ಕಳಚಬೇಕು. ಸಿಡಿಲು ಹತ್ತಿರ ಬಂದ ಮೇಲೆ ಮಾತ್ರ ತಂತಿ ಮುಟ್ಟಬೇಡಿ.

ಇನ್ನೊಂದು ಸಿಡಿಲು ಸದ್ದಿಲ್ಲದೆ ಬರುತ್ತದೆ. 2017ರ ಮೇ 12ರಂದು ಜಗತ್ತಿನಾದ್ಯಂತ ಹಬ್ಬಿದ ‘ವನ್ನಾಕ್ರೈ’ ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಆ ಮಾರ್ಚ್‌ನಲ್ಲೇ ಕೊಟ್ಟಿತ್ತು, ಹಲವರು ಹಾಕಿಕೊಂಡಿರಲಿಲ್ಲ. ‘ನಾಳೆ ನೋಡೋಣ’ ಎಂದದ್ದೇ ಮುಳುವಾಯಿತು.

ಎರಡಕ್ಕೂ ಕೊನೆಯ ಮದ್ದು ಒಂದೇ. ಮಕ್ಕಳ ಪ್ರಾಜೆಕ್ಟು, ಮನೆಯ ಫೋಟೋಗಳ ಪ್ರತಿಯನ್ನು ವಾರಕ್ಕೊಮ್ಮೆ ಬೇರೆ ಹಾರ್ಡ್‌ಡಿಸ್ಕಿಗೆ ಇಳಿಸಿ, ಕಳಚಿ ಕಪಾಟಿನಲ್ಲಿಡಿ. ತಂತಿಯ ನಂಟಿಲ್ಲದ ಪ್ರತಿಗೆ ಎರಡರ ಭಯವೂ ಇಲ್ಲ.