ಮಹಿಷನ ಮುಖಕ್ಕೆ ಅಕ್ಕಿಹಿಟ್ಟಿನ ಮುಳ್ಳು

ರಾತ್ರಿ ಒಂಬತ್ತಕ್ಕೆ ಅವರು ಕನ್ನಡಿಯ ಮುಂದೆ ಕೂತರು. ಮಹಿಷಾಸುರ ರಂಗಸ್ಥಳಕ್ಕೆ ಬರುವುದು ಒಂದು ಗಂಟೆ ದಾಟಿದ ಮೇಲೆ. ಆ ಮುಖಕ್ಕೆ ಅಷ್ಟು ಹೊತ್ತು ಬೇಕು.

ಬಂಟ್ವಾಳ ತಾಲ್ಲೂಕಿನಲ್ಲಿ ಕೊಯ್ಲು ಮುಗಿದ ಒಂದು ಗದ್ದೆ. ಮನೆಯೊಂದರವರ ಯಕ್ಷಗಾನದ ಹರಕೆಯಾಟ, ಪ್ರಸಂಗ ‘ದೇವಿಮಹಾತ್ಮೆ’. ಬಂದವರಿಗೆಲ್ಲ ಚಪ್ಪರದಲ್ಲಿ ಊಟ, ಆಮೇಲೆ ಗದ್ದೆಯಲ್ಲಿ ಆಟ. ಟಿಕೆಟ್ಟಿಲ್ಲ, ಕರೆಯೋಲೆಯೂ ಬೇಕಿಲ್ಲ. ಊರವರು ಕುರ್ಚಿ ಹಿಡಿಯುವ ಹೊತ್ತಿಗೆ ನಾನು ಚೌಕಿಯ ಕಡೆ ನಡೆದೆ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರಗಳ, ಹಿರಿಯ ಕಲಾವಿದರೊಬ್ಬರು ಮುಖಕ್ಕೆ ಚಿಟ್ಟಿ, ಅಂದರೆ ಹಿಟ್ಟಿನ ಮುಳ್ಳು, ಇಡುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡಬೇಕೆಂಬ ಆಸೆ ಬಹಳ ದಿನದ್ದು. ಕೇಳಿದಾಗ, “ಬನ್ನಿ, ಕೂತ್ಕೊಳ್ಳಿ. ಹೆಸರು ಮಾತ್ರ ಬರೀಬೇಡಿ ಮಾರಾಯ್ರೇ, ವೇಷದ ಬಗ್ಗೆ ಬರೆಯಿರಿ” ಎಂದಿದ್ದರು.

ಚೌಕಿ ಎಂದರೆ ವೇಷ ಕಟ್ಟುವ ಜಾಗ. ಉದ್ದನೆಯ ಚಪ್ಪರ, ಎರಡು ಸಾಲು ಕಲಾವಿದರು, ಅವರವರ ಪೆಟ್ಟಿಗೆ, ಕನ್ನಡಿ, ಚಾಪೆ. ಒಂದು ತುದಿಯಲ್ಲಿ ಮೇಳದ ದೇವರು. ಅಲ್ಲಿ ಪೂಜೆಯಾಗಿ ಪ್ರಸಾದ ಹಂಚಿದ ಮೇಲೆಯೇ ಆಟ ರಂಗಸ್ಥಳಕ್ಕೆ ಇಳಿಯುವುದು. ಯಾರು ಎಲ್ಲಿ ಕೂರಬೇಕೆಂಬುದಕ್ಕೆ ಕ್ರಮವಿದೆ. ಇವತ್ತು ಮೇಳ ಸೇರಿದ ಹುಡುಗ ಹಿರಿಯರ ಜಾಗದಲ್ಲಿ ಕೂರುವಂತಿಲ್ಲ. ಚಪ್ಪಲಿ ಹೊರಗೆ.

ಮೊದಲು ತೆಂಗಿನೆಣ್ಣೆ ಸವರಿಕೊಂಡರು. ಕೆಂಪು, ಕಪ್ಪು, ಬಿಳಿ ಒಂದೊಂದಾಗಿ ಮುಖ ತುಂಬಿದವು. ಹಿಂದೆ ಇಂಗಳಿಕ, ಅರದಾಳ, ಕಾಡಿಗೆಗಳನ್ನು ತಾವೇ ಅರೆದುಕೊಳ್ಳುತ್ತಿದ್ದರಂತೆ. ಈಗ ಬಣ್ಣದ ಪುಡಿ ಅಂಗಡಿಯಲ್ಲೇ ಸಿಗುತ್ತದೆ. ಆದರೆ ಚಿಟ್ಟಿಯ ಹಿಟ್ಟು ಅಂಗಡಿಯದ್ದಲ್ಲ. ನೆನೆಸಿದ ಅಕ್ಕಿಯನ್ನು ಬೆಣ್ಣೆಯಂತೆ ಅರೆದು ಸುಣ್ಣ ಕಲಸಿದ್ದು. ಹದ ತಪ್ಪಿದರೆ ಒಂದೋ ಇಳಿದು ಹೋಗುತ್ತದೆ, ಇಲ್ಲವೇ ಒಣಗಿ ಉದುರುತ್ತದೆ. ತೆಳ್ಳಗಿನ ಕಡ್ಡಿಯ ತುದಿಯನ್ನು ಅದರಲ್ಲಿ ಅದ್ದಿ ಕೆನ್ನೆಯ ಗೆರೆಯ ಮೇಲೆ ಒಂದು ಚುಕ್ಕಿ ಇಟ್ಟರು. ಅದರ ಪಕ್ಕ ಇನ್ನೊಂದು. ಗೆರೆ ಮುಗಿಯುವಷ್ಟರಲ್ಲಿ ಮೊದಲ ಚುಕ್ಕಿ ಒಣಗಿರುತ್ತದೆ. ಅದರ ತಲೆಯ ಮೇಲೆ ಮತ್ತೊಂದು. ಹೀಗೆ ಸುತ್ತು ಸುತ್ತಾಗಿ ಮುಳ್ಳು ಏಳುತ್ತದೆ. ಕೆನ್ನೆಯಿಂದ ಗಲ್ಲಕ್ಕೆ, ಹಣೆಯಿಂದ ಹುಬ್ಬಿನಾಚೆಗೆ ಸಾಲು ಸಾಲು ಬಿಳಿ ಮುಳ್ಳು. ಕಥಕ್ಕಳಿಯಲ್ಲಿ ಕಲಾವಿದ ಅಂಗಾತ ಮಲಗುತ್ತಾನೆ, ಚುಟ್ಟಿ ಇಡಲು ಬೇರೊಬ್ಬರಿದ್ದಾರೆ. ನಮ್ಮಲ್ಲಿ ಮುಖವೂ ತನ್ನದೇ, ಕೈಯೂ ತನ್ನದೇ.

ಅರ್ಧ ಗಂಟೆಯ ನಂತರ ಮಾತು ನಿಂತಿತು. ತುಟಿ ಅಲುಗಿದರೆ ಚಿಟ್ಟಿ ಬಿರುಕು ಬಿಡುತ್ತದೆ. ಅದಕ್ಕೂ ಮುನ್ನ ಹೇಳಿದ್ದರು: “ಇನ್ನು ನಗಿಸ್ಲಿಕ್ಕಿಲ್ಲ ಆಯ್ತಾ? ಕೇಳುವುದಿದ್ರೆ ಹೌದು–ಅಲ್ಲ ಅನ್ನುವ ಹಾಗೆ ಕೇಳಿ.” ಮುಂದಿನ ಎರಡು ಗಂಟೆ ಅವರ ಉತ್ತರವೆಲ್ಲ ಕಣ್ಣಿನಲ್ಲಿ. ಹೊರಗೆ ಚೆಂಡೆಯ ಪೆಟ್ಟು, ಭಾಗವತರ ಪದ. ಬ್ರಹ್ಮ, ವಿಷ್ಣು, ಮಧು–ಕೈಟಭರೆಲ್ಲ ನಮ್ಮನ್ನು ದಾಟಿ ರಂಗಸ್ಥಳಕ್ಕೆ ಹೋಗಿ ಬೆವರಿ ಮರಳಿದರು. ಇವರು ತಲೆಯೆತ್ತಲಿಲ್ಲ. ನಡುವೆ ಹುಡುಗನೊಬ್ಬ ಚಹಾ ತಂದು, ಮುಖ ನೋಡಿ, ಹಾಗೇ ಹಿಂದಿರುಗಿದ.

ಯಕ್ಷಗಾನದ ಚರಿತ್ರೆ ದೊಡ್ಡದು, ಇಲ್ಲಿ ನಾಲ್ಕೇ ಮಾತು. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನವರು ಕುಂಬಳೆಯ ಪಾರ್ತಿಸುಬ್ಬನನ್ನು ಯಕ್ಷಗಾನದ ಪಿತಾಮಹ ಎಂದು ನೆನೆಯುತ್ತಾರೆ. ಅವನ ರಾಮಾಯಣದ ಪ್ರಸಂಗಗಳು ಇಂದಿಗೂ ಆಡಲ್ಪಡುತ್ತವೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ದೀಪಾವಳಿ ಕಳೆದ ಮೇಲೆ ತಿರುಗಾಟಕ್ಕೆ ಹೊರಟರೆ ಮೇ ಕೊನೆಯ ಹೊತ್ತಿಗೆ, ತುಳುನಾಡಿನ ಪತ್ತನಾಜೆಯ ದಿನದ ಸುಮಾರಿಗೆ, ಗೆಜ್ಜೆ ಬಿಚ್ಚುತ್ತವೆ. ಅಲ್ಲಿಯವರೆಗೆ ಹಗಲು ನಿದ್ದೆ, ರಾತ್ರಿ ವೇಷ.

ಹನ್ನೆರಡೂವರೆಗೆ ಮುಖ ಮುಗಿಯಿತು. ಇಬ್ಬರು ಸೇರಿ ಬಟ್ಟೆ ಸುತ್ತಿ ಮೈ ತುಂಬಿಸಿದರು. ಎದೆಪದಕ, ಭುಜಕೀರ್ತಿ, ಗೆಜ್ಜೆ. ಕೋಡಿನ ಕಿರೀಟವನ್ನು ಬಿಗಿದು ಕಟ್ಟುವಾಗ ಕಣ್ಣು ಮುಚ್ಚಿ ನಿಂತಿದ್ದರು. ಕಟ್ಟು ಸಡಿಲವಾದರೆ ಕುಣಿಯುವಾಗ ಕಿರೀಟ ಜಾರುತ್ತದೆ, ಬಿಗಿ ಹೆಚ್ಚಾದರೆ ತಲೆ ಸಿಡಿಯುತ್ತದೆ. ಆಮೇಲೆ ದೇವರಿಗೆ ಕೈಮುಗಿದು ಕತ್ತಲಿಗೆ ಇಳಿದರು. ಮಹಿಷ ರಂಗಸ್ಥಳದ ಬಾಗಿಲಿನಿಂದ ಬರುವವನಲ್ಲ. ಗದ್ದೆಯ ಆಚೆಯಿಂದ, ಜನರ ಬೆನ್ನ ಹಿಂದಿನಿಂದ ಬರುತ್ತಾನೆ. ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದ ಬೆಂಕಿಯಲ್ಲಿ ಆ ಮುಖ ಕಂಡಿತು. ಪ್ರತಿ ಮುಳ್ಳಿಗೂ ಒಂದೊಂದು ನೆರಳು ಬಿದ್ದಿತ್ತು. ತೊಡೆಯ ಮೇಲಿನ ಮಗುವನ್ನು ಪಕ್ಕದ ಅಮ್ಮ ಸೆರಗಿನೊಳಗೆ ಎಳೆದುಕೊಂಡರು. ಮೂರು ಗಂಟೆ ಚುಕ್ಕಿಯ ಮೇಲೆ ಚುಕ್ಕಿ ಇಟ್ಟದ್ದು ಯಾಕೆಂದು ನನಗೆ ತಿಳಿದದ್ದು ಆಗ. ಚಿಟ್ಟಿ ಬೆಂಕಿಯ ಬೆಳಕಿಗೆ ಹುಟ್ಟಿದ್ದು. ಎದುರಿನಿಂದ ಬಡಿಯುವ ವಿದ್ಯುದ್ದೀಪದಲ್ಲಿ ಆ ನೆರಳೇ ಇಲ್ಲ.

ಈಗ ಅದಕ್ಕಿಂತ ದೊಡ್ಡ ಕಷ್ಟ ಹೊತ್ತಿನದು. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕಿರುವ ನಿರ್ಬಂಧದಿಂದ, ಬದಲಾದ ಪ್ರೇಕ್ಷಕರಿಂದ, ಮೇಳಗಳು ಒಂದೊಂದಾಗಿ ಕಾಲಮಿತಿಗೆ ಹೊರಳಿದವು. 2022ರ ತಿರುಗಾಟದಲ್ಲಿ ಕಟೀಲಿನ ಮೇಳಗಳೂ ಕಾಲಮಿತಿಗೆ ಬಂದಾಗ ಭಕ್ತರು ಬೇಸರಪಟ್ಟರು. ಇಡೀ ರಾತ್ರಿಯ ಆಟ ಬೇಕೆಂಬ ಮಾತು ನ್ಯಾಯಾಲಯದವರೆಗೂ ಹೋಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವವರ, ಅಕ್ಕಪಕ್ಕದ ಮನೆಯ ರೋಗಿಗಳ ಕಷ್ಟ ಸುಳ್ಳಲ್ಲ. ಆದರೆ ಆಟ ನಾಲ್ಕೈದು ಗಂಟೆಗೆ ಇಳಿದರೆ ಮೊದಲು ಪೆಟ್ಟು ಬೀಳುವುದು ಚಿಟ್ಟಿಗೆ. ರಾಜವೇಷದವರು ಬೇಗ ಸಿದ್ಧರಾದಾರು. ಹಿಟ್ಟು ಒಣಗುವ ವೇಗ ಯಾರ ಕೈಯಲ್ಲೂ ಇಲ್ಲ. ಚಿಟ್ಟಿಯ ಬದಲು ಬಿಳಿ ಬಣ್ಣದ ಗೆರೆ ಎಳೆದು ಮುಗಿಸುವವರೂ ಇದ್ದಾರೆ. “ಅವರನ್ನು ಬೈಲಿಕ್ಕೆ ಆಗುದಿಲ್ಲ. ಹೊತ್ತು ಕೊಡದೆ ಮುಖ ಕೇಳಿದ್ರೆ ಏನು ಮಾಡುದು?” ಎಂದು ಆಮೇಲೆ ಇವರೇ ಹೇಳಿದರು.

ಅದನ್ನು ಹೇಳಿದ್ದು ಬೆಳಗಿನ ಜಾವ. ಮಹಿಷನ ವಧೆಯಾಗಿತ್ತು, ಚಂಡ–ಮುಂಡರ ಕತೆ ಹೊರಗೆ ನಡೆದಿತ್ತು. ಅಂಗೈಯಲ್ಲಿ ಎಣ್ಣೆ ಸುರಿದುಕೊಂಡು ಮುಖ ತಿಕ್ಕಿದರು. ಮುಳ್ಳುಗಳು ಚಕ್ಕೆಯಾಗಿ ಚಾಪೆಯ ಮೇಲೆ ಉದುರಿದವು. ಹತ್ತು ನಿಮಿಷ ಸಾಕಾಯಿತು. “ಕಲೀಲಿಕ್ಕೆ ಹುಡುಗರು ಬರ್ತಾರಾ?” ಎಂದೆ. “ಒಬ್ಬ ಇದ್ದಾನೆ” ಎಂದು ತೋರಿಸಿದರು. ಚಹಾ ತಂದು ಹಿಂದಿರುಗಿದ ಹುಡುಗನೇ. ಪೆಟ್ಟಿಗೆಗೆ ಒರಗಿ ನಿದ್ದೆ ಹೋಗಿದ್ದ, ಕೆನ್ನೆಯ ಮೇಲೆ ಒಂದೇ ಸಾಲು ಚುಕ್ಕಿ ಹಾಗೇ ಇತ್ತು.

ಮುಂದಿನ ತಿರುಗಾಟದಲ್ಲಿ ನಿಮ್ಮೂರ ಹತ್ತಿರ ‘ದೇವಿಮಹಾತ್ಮೆ’ ಇದ್ದರೆ ಆಟಕ್ಕೆ ಸ್ವಲ್ಪ ಬೇಗ ಹೋಗಿ. ಕೇಳಿಕೊಂಡು, ಚಪ್ಪಲಿ ಬಿಟ್ಟು, ಚೌಕಿಯ ಅಂಚಿನಲ್ಲಿ ಕೂತು ನೋಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಚಿಟ್ಟಿ ಇಡುವವರನ್ನು ಮಾತ್ರ ಮಾತಾಡಿಸಬೇಡಿ.